ಕಲ್ಯಾಣಪ್ಪನವರ ನೀಲಿ ಮರಿ

ಕಲ್ಯಾಣಪ್ಪನವರಿಗೆ ಧರ್ಮಪತ್ನಿ ಗಿರಿಜಾಬಾಯಿಯವರಿಂದ ಎರಡು ತಿಂಗಳ ಗಡುವು ಬಿದ್ದಿತ್ತು. ಅಷ್ಟರಲ್ಲಿ ಅವರು ಸಾಕಿದ ಬಡ್ಜಿ ಗಿಳಿಗಳಿಗೆ ನೀಲಿ ಮರಿ ಹುಟ್ಟದಿದ್ದರೆ ಪಡಸಾಲೆಯ ಮೂಲೆಯಿಂದ ಪಂಜರ ಎತ್ತಬೇಕು. ಅಲ್ಲಿಗೆ ಕಂಪ್ಯೂಟರ್ ಬರಬೇಕು. ಮಗಳು ಸ್ನೇಹಲತಾ ಅಮೀರ್‌ಪೇಟೆಯಲ್ಲಿ ಜಾವಾ ಕಲಿಯುತ್ತಿದ್ದಳು (ಆಗ ಅರ್ಧ ಹೈದರಾಬಾದೇ ಕಲಿಯುತ್ತಿತ್ತು).

ಬಾಲಾನಗರದ ಕಾರ್ಖಾನೆಯೊಂದರಲ್ಲಿ ಕಲ್ಯಾಣಪ್ಪನವರು ತಪಾಸಣಾಧಿಕಾರಿ. ಕಾಗದ ಸರಿಯಿದ್ದರೆ ಸಾಮಾನೂ ಸರಿ ಎಂಬುದು ಇಪ್ಪತ್ತೆರಡು ವರ್ಷಗಳ ಸಿದ್ಧಾಂತ. ದಿನವಿಡೀ ಯಂತ್ರದ ಸದ್ದು ಕೇಳಿ ಬರುವ ಆ ಕಿವಿಗೆ ಹಕ್ಕಿಗಳ ಚಿಲಿಪಿಲಿ ಒಂದೇ ಸುಖ. ಅದು ಹೋಗುತ್ತದಲ್ಲ ಎಂದು ಅವರಿಗೆ ಅನ್ನ ಸೇರುತ್ತಿರಲಿಲ್ಲ. ಹಕ್ಕಿಗಳ ವಂಶಾವಳಿ ಬರೆದು ಗೋಡೆಗೆ ಅಂಟಿಸಿದರು.

"ಒಂದು ಹಸಿರು, ಒಂದು ಹಳದಿ. ನೀಲಿ ಎಲ್ಲೈತ್ರಿ?" ಎಂದರು ಗಿರಿಜಾಬಾಯಿ.

"ಒಳಗೈತಿ! ಎರಡರ ಅಪ್ಪಂದಿರೂ ನೀಲಿ. ಮ್ಯಾಲಿನ ಬಣ್ಣ ಅದನ್ನ ಮುಚ್ಚೈತಿ. ನಾಕು ಮರಿಗೆ ಒಂದು ನೀಲಿ, ಲೆಕ್ಕ ಐತಿ!"

"ಎರಡರ ಮೂಗೂ ಕಂದು ಅದಾವಲ್ರಿ. ಗಂಡಿನ ಮೂಗಿನ ಬಣ್ಣ ಬ್ಯಾರೆ ಇರತೈತಿ ಅಂದಿದ್ರಿ?"

"ಅಂಗಡಿಯವ ಬರಕೊಟ್ಟಾನ: ಹಳದಿ ಗಂಡು, ಹಸಿರು ಹೆಣ್ಣು. ನಿಂಗೇನ ಗೊತ್ತಾಕೈತಿ ಸುಮ್ನಿರು!"

ಗಿರಿಜಾಬಾಯಿ ಮಣೆ ಎಳೆದುಕೊಂಡು ಪಂಜರದ ಎದುರಿಗೇ ಕುಳಿತರು (ಇದು ಒಳ್ಳೆಯ ಲಕ್ಷಣವಲ್ಲ).

ಮೊಟ್ಟೆಗಳು ಬಂದವು. ಐದಲ್ಲ, ಹತ್ತು! ಕಲ್ಯಾಣಪ್ಪನವರು ಕಾರ್ಖಾನೆಗೆಲ್ಲ ಪೇಡೆ ಹಂಚಿದರು. ಮರಿಯಾಗಬೇಕಾದ ಹದಿನೆಂಟು ದಿನ ಕಳೆಯಿತು, ಇಪ್ಪತ್ತೆಂಟಾಯಿತು. ಒಂದೂ ಒಡೆಯಲಿಲ್ಲ.

"ನಿಮ್ಮ ಗಂಡು ಭಾಳ ಕಷ್ಟಪಟ್ಟೈತ್ರಿ," ಎಂದರು ಗಿರಿಜಾಬಾಯಿ. "ಐದು ತತ್ತಿ ಅದ ಇಟ್ಟೈತಿ. ನಾ ಕಣ್ಣಾರೆ ನೋಡೀನಿ."

ಕಲ್ಯಾಣಪ್ಪನವರು ಅಂಗಡಿಯವನ ಚೀಟಿ ನೋಡಿದರು, ಹಕ್ಕಿ ನೋಡಿದರು. ಆಮೇಲೆ ತಲೆ ತಗ್ಗಿಸಿಕೊಂಡು ಪಂಜರ ಎತ್ತಲು ಕೈ ಹಾಕಿದರು.

"ಕೈ ತಗೀರಿ! ತಿಂಗಳತನಕ ಕಾವು ಕುಂತಾವ ಪಾಪ. ಒಂದು ಮರೀನೂ ಕಾಣದ ಅವನ್ನ ಹೊರಗ ಹಾಕ್ತೀರೇನು? ಮನುಷ್ಯರೋ ಏನ್ರಿ ನೀವು?"

ಭಾನುವಾರ ಆಕೆಯೇ ನಾರಾಯಣಗೂಡದ ಹಕ್ಕಿ ಅಂಗಡಿಗೆ ಹೋಗಿ, ಹನ್ನೊಂದು ಹಕ್ಕಿಗಳ ಮೂಗು ಪರೀಕ್ಷಿಸಿ, ನೀಲಿ ಮೈಯ ಗಂಡನ್ನು ತಂದರು. ಪಂಜರ ಮೂಲೆಯಲ್ಲೇ ಉಳಿಯಿತು. ಕಂಪ್ಯೂಟರ್ ಕಲ್ಯಾಣಪ್ಪನವರ ಮಂಚದ ಜಾಗಕ್ಕೆ ಬಂತು. ಅವರು ಪಂಜರದ ಕೆಳಗಿನ ಚಾಪೆಗೆ ಬಂದರು. ಮುಖದ ಮೇಲೆ ನವಣೆ ಸಿಪ್ಪೆ ಉದುರಿದರೂ ಅವರಿಗೆ ಪರಮಾನಂದ.

ಒಂದು ಮಧ್ಯಾಹ್ನ ಗೂಡಿನ ಪೆಟ್ಟಿಗೆಯೊಳಗಿಂದ ಸಣ್ಣ ಚೀಂ ಕೇಳಿತು.

"ಗಿರಿಜಾ, ಬಂತು!"

ಕೈಯ ರೊಟ್ಟಿಹಿಟ್ಟಿನ ಸಮೇತ ಗಿರಿಜಾಬಾಯಿ ಓಡಿ ಬಂದರು. "ಯಾವ ಬಣ್ಣರಿ?"

"ಪುಕ್ಕ ಇನ್ನೂ ಬಂದಿಲ್ಲ."

"ಬರತಾವ ಬಿಡ್ರಿ, ಜೀವ ಬಂತಲ್ಲ. ಸರೀರಿ ಆಕಡೆ!" ಎಂದು ಆಕೆ ಚಾಪೆಯ ಮೇಲೆ ಭದ್ರವಾಗಿ ಕುಳಿತುಬಿಟ್ಟರು. ಇದ್ದೊಂದು ಚಾಪೆಯೂ ಹೋದ ಕಲ್ಯಾಣಪ್ಪನವರು ಗೋಡೆಗೊರಗಿ ನಿಂತು ಬಾಯಿತುಂಬ ನಕ್ಕರು.