ಎರಡು ಬುಗುರಿ, ಒಂದು ಹೈಡ್ರೋಜನ್

ನಾನು ಗಂಭೀರವಾಗಿ ಪಾಠ ಮಾಡಲು ಹೊರಟ ದಿನವೇ ಊರು ನಗುತ್ತದೆ, ಅದು ನನ್ನ ಹಣೆಬರಹ. ಚಿನ್ನದ ಗಣಿಗಳಿದ್ದ ಊರಿಗಾಂನ ಕಾಲೇಜೊಂದರಲ್ಲಿ ಹನ್ನೆರಡು ವರ್ಷದಿಂದ ಕೆಮಿಸ್ಟ್ರಿಯ ಅತಿಥಿ ಉಪನ್ಯಾಸಕ. ಇಷ್ಟು ದಿನ ಠಿಕಾಣಿ ಹೂಡಿದ ಅತಿಥಿಯನ್ನು ಯಾವ ಮನೆಯವರೂ ಸಹಿಸರು. ಈ ವರ್ಷ ನಾಲ್ಕೇ ಮಕ್ಕಳು. "ತಪಾಸಣೆಗೆ ಬರ್ತಾರೆ. ಮಕ್ಕಳು ಬಾಯಿ ಬಿಡದಿದ್ರೆ ಕೆಮಿಸ್ಟ್ರಿ ಮುಚ್ತಾರೆ, ನಿಮ್ಮ ಕೆಲಸವೂ ಅಷ್ಟೆ" ಎಂದರು ಪ್ರಿನ್ಸಿಪಾಲರು.

ಬಸ್ಸಿನಲ್ಲಿ

ಹೈಡ್ರೋಜನ್ ಅಣುವಿನಲ್ಲಿ ಎರಡು ಪ್ರೋಟಾನು. ಎರಡೂ ಒಂದೇ ದಿಕ್ಕಿಗೆ ತಿರುಗಿದರೆ ಆರ್ಥೋ, ಒಂದಕ್ಕೊಂದು ವಿರುದ್ಧ ತಿರುಗಿದರೆ ಪ್ಯಾರಾ. ಆಡಿಸಿ ತೋರಿಸೋಣವೆಂದು ಬಂಗಾರಪೇಟೆಯಲ್ಲಿ ಎರಡು ಬುಗುರಿ ಕೊಂಡು ಬಸ್ ಹತ್ತಿದೆ.

"ಮಗೀಗಾ ಸಾರ್?" ಅಂದ ಕಂಡಕ್ಟರ್.

"ಇಲ್ಲಪ್ಪ, ಡಿಗ್ರಿ ಓದೋರಿಗೆ."

ಅವನು ಟಿಕೆಟ್ ಹರಿದು ಕೊಟ್ಟ. "ನಾನ್ ಎಸ್ಸೆಸ್ಸೆಲ್ಸಿಗೇ ಬಿಟ್ಟಿದ್ದು ಒಳ್ಳೇದೇ ಆಯ್ತು ಬಿಡಿ ಸಾರ್."

ಅಪ್ಪ ಬಂದರು

ವಾರದೊಳಗೆ ಒಬ್ಬ ವಿದ್ಯಾರ್ಥಿನಿಯ ಅಪ್ಪ ಪಕ್ಕದ ಗಣಿ ಕಾಲೊನಿ ಕೋರಮಂಡಲ್‌ನಿಂದ ಬಂದರು. ಗಣಿ ಮುಚ್ಚುವ ತನಕ ಸುರಂಗಕ್ಕಿಳಿದವರು.

"ನಮ್ಮುಡ್ಗಿ ಮನೇಲಿ ಬುಗುರಿ ಆಡ್ತಾವ್ಳೆ. ಏನ್ ಸಾರ್ ಇದು?"

ಎರಡು ಬಗೆಯ ಹೈಡ್ರೋಜನ್ ಬಗ್ಗೆ ವಿವರಿಸಿದೆ.

"ಬಣ್ಣ ಬ್ಯಾರೆನಾ?"

"ಎರಡಕ್ಕೂ ಬಣ್ಣ ಇಲ್ಲ."

"ವಾಸ್ನೆ?"

"ಅದೂ ಇಲ್ಲ."

"ತೂಕ?"

"ಒಂದೇ."

ಅವರು ನಿಟ್ಟುಸಿರು ಬಿಟ್ಟರು. "ನಾವೂ ಇಂಗೇ ಸಾರ್. ಬಂಗಾರ ಐತೆ ಅಂತ ಕಲ್ಲು ಒಡೀತಿದ್ವಿ, ಕಣ್ಣಿಗೆ ಮಾತ್ರ ಕಾಣ್ತಿರ್ಲಿಲ್ಲ. ಇಂಥಾದ್ನೆಲ್ಲಾ ಒಂದಿನ ಮುಚ್ಬುಡ್ತಾರೆ, ಉಷಾರು."



ತಪಾಸಣೆ

ಅಧಿಕಾರಿ ಬಂದು, ಈ ಆರ್ಥೋ, ಪ್ಯಾರಾ ತಿಳಿದು ಏನು ಉಪಯೋಗವೆಂದು ಒಬ್ಬೊಬ್ಬರನ್ನೇ ಕೇಳಿದರು. ಮೊದಲ ಮೂವರು ಮಕ್ಕಳು ತುಟಿ ಪಿಟಿಕ್ಕೆನ್ನಲಿಲ್ಲ. ನನ್ನ ಕೆಲಸ ಹೋಯಿತೆಂದೇ ತಿಳಿದು ಗೋಡೆಗೆ ಒರಗಿದೆ. ಆಗ ಆ ಗಣಿಯವರ ಮಗಳು ಎದ್ದಳು.

"ಹೈಡ್ರೋಜನ್ನ ತಣ್ಣಗೆ ಮಾಡಿ ದ್ರವ ಮಾಡಿಟ್ರೆ, ಆರ್ಥೋ ನಿಧಾನಕ್ಕೆ ಪ್ಯಾರಾ ಆಗ್ತದೆ ಸಾರ್. ಆಗ ಬರೋ ಕಾವಿಗೆ ದ್ರವ ಆವಿಯಾಗ್ಬುಡ್ತದೆ. ಅದಕ್ಕೇ ಕ್ಯಾಟಲಿಸ್ಟ್ ಹಾಕಿ ಮೊದ್ಲೇ ಬದಲಾಯಿಸ್ತಾರೆ."

ನನ್ನ ಕಣ್ಣು ತುಂಬಿ ಬಂತು.

"ಕ್ಯಾಟಲಿಸ್ಟ್ ಅಂದ್ರೆ ಏನಮ್ಮಾ?" ಎಂದರು ಅಧಿಕಾರಿ.

"ಬೇರೇದನ್ನ ಬೇಗ ಬದಲಾಯಿಸಿ, ತಾನು ಮಾತ್ರ ಇದ್ದಂಗೇ ಇರೋದು."

"ಉದಾಹರಣೆ?"

"ನಮ್ ಸಾರೇ! ಇವರತ್ರ ಓದಿದೋರೆಲ್ಲಾ ಒಳ್ಳೊಳ್ಳೆ ಕೆಲಸಕ್ಕೆ ಸೇರ್ಕಂಡ್ರು. ಇವ್ರು ಅನ್ನೆರಡು ವರ್ಷದಿಂದ ಅಂಗೇ ಅವ್ರೆ."

ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಮಿಸ್ಟ್ರಿ ಉಳಿಯಿತು. ಇದೇ ಸಮಯವೆಂದು ಕೆಲಸ ಕಾಯಂ ಮಾಡಿರೆಂಬ ನನ್ನ ಹಳೆಯ ಅರ್ಜಿಯನ್ನು ಮುಂದೆ ಹಿಡಿದೆ. ಅವರು ಕಣ್ಣೊರೆಸಿಕೊಂಡು, ಪೂರ್ತಿ ಓದಿ, ಅದರ ಮೇಲೆ ದುಂಡಗೆ ಬರೆದರು: "ಯಥಾಸ್ಥಿತಿ ಮುಂದುವರಿಸುವುದು."