ಬಾರ್ಲಿಯ ಹನ್ನೊಂದನೇ ದಿನ

ಪಕ್ಕದ ಮನೆಯ ನಿವೃತ್ತ ನರ್ಸಮ್ಮ, ರಟ್ಟಪ್ಪನ ರಕ್ತಪರೀಕ್ಷೆಯ ವರದಿಯನ್ನು ಕಾಂಪೌಂಡ್ ಗೋಡೆಯ ಮೇಲಿಂದಲೇ ಓದಿ, "ಕೊಲೆಸ್ಟ್ರಾಲ್ ಜಾಸ್ತಿಯಾಗಿದೆ, ಬಾರ್ಲಿ ಹಾಕಮ್ಮ" ಎಂದು ಅವನ ಹೆಂಡತಿಗೆ ಹೇಳಿದ್ದೇ ಎಲ್ಲಕ್ಕೂ ಮೂಲ. ಅಂದಿನಿಂದ ಬೆಳಿಗ್ಗೆ ಬಾರ್ಲಿ ಗಂಜಿ, ಮಧ್ಯಾಹ್ನ ಬೇಯಿಸಿದ ಬಾರ್ಲಿ, ರಾತ್ರಿ ಮಿಕ್ಕಿದ ಬಾರ್ಲಿ. ಅದೂ ತವುಡು ತೆಗೆಯದ ಇಡೀ ಕಾಳು. ಹತ್ತು ದಿನ ಅಗಿದೂ ಅಗಿದೂ ಪಾಪ, ಅವನ ದವಡೆ ಬಿದ್ದುಹೋಗಿತ್ತು.

ಲೈಬ್ರರಿಯ ಹರಿದ ಪುಸ್ತಕಗಳಿಗೆ ರಟ್ಟು ಹಾಕುವುದು ಅವನ ಕೆಲಸ. ಹೆಸರು ಅಂಟಿಕೊಂಡದ್ದೂ ಹಾಗೆಯೇ. ಆ ವಾರ ಅವನ ಮೇಜಿಗೆ ಬಂದದ್ದು ಧಾನ್ಯಗಳ ಮೇಲಿನ ದಪ್ಪ ಪುಸ್ತಕ. ಹಾಳೆ ಕಿತ್ತುಬಂದಿದ್ದದ್ದು ಬಾರ್ಲಿಯ ಅಧ್ಯಾಯದಲ್ಲೇ! ಹೊಲಿಯುತ್ತಾ ಹೊಲಿಯುತ್ತಾ ಅವನಿಗೆ ಅದು ಬಾಯಿಪಾಠವಾಗಿತ್ತು.

ಹನ್ನೊಂದನೇ ದಿನ ಊಟದ ಹೊತ್ತಿಗೆ ಲೈಬ್ರರಿಯನ್ ಮೇಡಂ ಕೋಣೆಯ ಕಡೆಯಿಂದ ಕರಿದ ಆಲೂಗಡ್ಡೆಯ ವಾಸನೆ ತೇಲಿಬಂತು. ರಟ್ಟಪ್ಪ ತನ್ನ ಡಬ್ಬಿ ಎತ್ತಿಕೊಂಡು ಒಳಗೆ ನುಗ್ಗಿದ.

"ಮೇಡಂ, ನಿಮ್ಮ ಆರೋಗ್ಯದ್ದೇ ಯೋಚನೆ ನನಗೆ."

"ನನಗೇನಾಗಿದೆ ರಟ್ಟಪ್ಪ?"

"ಇನ್ನೂ ಏನೂ ಆಗಿಲ್ಲ. ಆಗೋಕೆ ಮುಂಚೆ ಬಾರ್ಲಿ ತಿನ್ಬೇಕು. ಇಡೀ ಕಾಳಲ್ಲಿ ಎಷ್ಟು ನಾರಿದೆ ಗೊತ್ತಾ? ಬೀಟಾ ಗ್ಲೂಕನ್ ಅಂತ ಒಂದಿದೆ, ಕೊಲೆಸ್ಟ್ರಾಲನ್ನ ಕತ್ತು ಹಿಡಿದು ಆಚೆ ದಬ್ಬುತ್ತೆ. ರಕ್ತದ ಸಕ್ಕರೆ ದಿಢೀರಂತ ಏರಲ್ಲ. ಮೆಗ್ನೀಸಿಯಂ ಬೇರೆ!"

"ನಾನು ಬಾರ್ಲಿನ ಕಣ್ಣಲ್ಲೂ ಕಂಡಿಲ್ಲ. ರುಚಿ ಹೇಗಿರುತ್ತೆ?"

"ಅಮೃತ!" ಎಂದ ರಟ್ಟಪ್ಪ, ಎಂಜಲು ನುಂಗಿಕೊಂಡು.

ಡಬ್ಬಿಗಳು ಅದಲುಬದಲಾದವು. ತನ್ನದರ ಮುಚ್ಚಳ ತೆಗೆದು ತೋರಿಸುವಷ್ಟು ಧೈರ್ಯ ಅವನಿಗಿರಲಿಲ್ಲ. ಮೇಜಿಗೆ ಓಡಿಬಂದು ಮೇಡಂ ಡಬ್ಬಿ ತೆರೆದರೆ, ಆರು ಹೋಳು ಸೌತೆಕಾಯಿ. ಕರಿದ ಆಲೂಗಡ್ಡೆ, ಮೇಡಂ ಕಿಟಕಿಯ ಹೊರಗೆ ಕೂತಿದ್ದ ವಾಚ್‌ಮನ್‌ನದಾಗಿತ್ತು. ಅವನು ಆಗಲೇ ತೇಗುತ್ತಿದ್ದ.

ಅರ್ಧ ಗಂಟೆಗೆ ಮೇಡಂ ಖಾಲಿ ಡಬ್ಬಿ ಹಿಡಿದು, ಬೆರಳು ಚೀಪುತ್ತಾ ಬಂದರು. "ಬಾರ್ಲಿ ಇಷ್ಟು ರುಚಿನಾ! ಎಲ್ಲರೂ ಬನ್ರೀ. ರಟ್ಟಪ್ಪ, ಆಗ ಹೇಳಿದ್ದನ್ನ ಇವರಿಗೂ ಹೇಳು."

ಮೇಡಂಗೆ ತಲೆ ಕೆಟ್ಟಿರಬೇಕು ಅಂದುಕೊಂಡ ರಟ್ಟಪ್ಪ, ಹಸಿದ ಹೊಟ್ಟೆಯಲ್ಲೇ ಅಧ್ಯಾಯ ಪೂರ್ತಿ ಒಪ್ಪಿಸಿದ. ಚಪ್ಪಾಳೆ ತಟ್ಟಿದ್ದು ಮೇಡಂ ಒಬ್ಬರೇ. ತಟ್ಟಿ, ನಾಳೆಯಿಂದ ಕ್ಯಾಂಟೀನಿನಲ್ಲಿ ಬಾರ್ಲಿ ಬಿಟ್ಟು ಬೇರೇನೂ ಬೇಯಕೂಡದು ಎಂದು ಆಜ್ಞೆ ಹೊರಡಿಸಿದರು.

"ಪುಸ್ತಕಕ್ಕಲ್ಲ, ಮೊದಲು ನಿನ್ನ ಬಾಯಿಗೆ ರಟ್ಟು ಹಾಕ್ಬೇಕಿತ್ತು" ಎಂದು ವಾಚ್‌ಮನ್ ಹಲ್ಲು ಕಡಿದ.

ಸಂಜೆ ಮನೆಯಲ್ಲಿ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು.

"ಡಬ್ಬಿ ಮುಚ್ಚಳ ತೆಗೆದು ನೋಡಿದ್ರಾ?"

"ನೋಡೋದೇನಿದೆ? ಅದೇ ಬಾರ್ಲಿ."

"ನಿನ್ನೆ ಹೊಸ ವರದಿ ಬಂತು, ಎಲ್ಲಾ ಸರಿಯಾಗಿದೆ. ಖುಷಿಪಡ್ಲಿ ಅಂತ ನಿಮಗೆ ಹೇಳದೇ ತುಪ್ಪದಲ್ಲಿ ಗೋಧಿ ನುಚ್ಚು ಹುರಿದು ಬೇಯಿಸಿ, ಹಿಡಿ ಗೋಡಂಬಿ ಹಾಕಿ ಕಳಿಸಿದ್ದೆ."

ರಟ್ಟಪ್ಪ ಖಾಲಿ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದ. ಹೋದದ್ದು ಹೋಯಿತು, ರಾತ್ರಿಯ ಊಟವಾದರೂ ಇದೆಯಲ್ಲ! "ಹಾಗಾದ್ರೆ ಬಾರ್ಲಿ ಇವತ್ತಿಗೆ ಮುಗೀತಾ?"

"ನಿಲ್ಲಿಸೋಣ ಅಂತಲೇ ಇದ್ದೆ. ಅಷ್ಟರಲ್ಲಿ ನಿಮ್ಮ ಮೇಡಂ ಫೋನ್ ಮಾಡಿದ್ರು. ಬಾರ್ಲಿ ಅಂದ್ರೆ ಪ್ರಾಣ ಬಿಡ್ತೀರಂತೆ, ಊಟ ಬಿಟ್ಟು ಭಾಷಣ ಮಾಡಿದ್ರಂತೆ. ನನ್ನ ಹತ್ರ ಒಂದು ಮಾತು ಹೇಳೋಕೇನ್ರೀ ನಾಚಿಕೆ?" ಎನ್ನುತ್ತಾ ಅವಳು ಬಾಗಿಲ ಹಿಂದೆ ಕೈ ತೋರಿಸಿದಳು.

ಅಲ್ಲಿ ಇಪ್ಪತ್ತೈದು ಕಿಲೋ ಬಾರ್ಲಿಯ ಮೂಟೆ ಗೋಡೆಗೊರಗಿ ಕೂತಿತ್ತು.