ಹದಿನಾಲ್ಕು ನಿಮಿಷದ ಫೋಟೋ

ಒಂದು ಫೋಟೋ ತೆಗೆಯಲು ಹದಿನಾಲ್ಕು ನಿಮಿಷ ಹಿಡಿಯಿತೆಂದು ಯಾರಾದರೂ ಮುಖದ ಮೇಲೇ ಹೇಳಿದರೆ ಅದನ್ನು ಬೈಗುಳವೆಂದಲ್ಲದೆ ಇನ್ನೇನೆಂದು ತಿಳಿಯಬೇಕು? ನೀರು ಸರಬರಾಜು ಕಚೇರಿಯ ನಕ್ಷೆಗಾರರು ಹಾಗೇ ತಿಳಿದರು. ಹೇಳಿದವನು ಅವರ ಹೆಂಡತಿಯ ತಮ್ಮ, ಔಷಧಿ ಅಂಗಡಿಯವನು. ಕಳೆದ ವರ್ಷ ಕೈಗಡಿಯಾರ ನೋಡಿಕೊಂಡೇ, "ಭಾವ, ಈ ಸಲ ಹದಿನಾಲ್ಕು ನಿಮಿಷ!" ಎಂದಿದ್ದ. ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ತಂಗಿ, "ಹೋದ ವರ್ಷ ಹನ್ನೊಂದೇ ಇತ್ತು, ಅಲ್ವಾ?" ಎಂದು ಗಾಯಕ್ಕೆ ಉಪ್ಪು ಸವರಿದ್ದಳು.

ವರ್ಷಕ್ಕೊಮ್ಮೆ, ಅತ್ತೆ ಹುಟ್ಟಿದ ದಿನ, ತಾಯಿ ಮತ್ತು ಮೂವರು ಮಕ್ಕಳನ್ನು ಸಾಲಾಗಿ ಕೂರಿಸಿ ಫೋಟೋ ತೆಗೆಯುವುದು ಅಳಿಯನಾದ ನಕ್ಷೆಗಾರರ ಹಕ್ಕು. ಇಪ್ಪತ್ತೆರಡು ವರ್ಷಗಳಿಂದ ಆ ಕುಟುಂಬದ ಆಸ್ಥಾನ ಛಾಯಾಗ್ರಾಹಕ ಪದವಿ ಅವರದೇ. ಕ್ಯಾಮೆರಾ ಒಂದರ ಮೇಲೊಂದು ಎರಡು ಕಣ್ಣಿರುವ ಹಳೆಯ ಕಾಲದ್ದು. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನದು ಫಿಲ್ಮಿಗೆ. ಅದನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು, ತಲೆ ಬಗ್ಗಿಸಿ, ಮೇಲ್ಗಡೆಯ ಉಜ್ಜಿದ ಗಾಜಿನೊಳಗೆ ಇಣುಕಬೇಕು. ಅಲ್ಲಿ ಮನೆಮಂದಿ ಎಡಬಲ ಅದಲುಬದಲಾಗಿ ಮೂಡುತ್ತಾರೆ. (ಎಡಕ್ಕೆ ಕೂತ ಭಾಮೈದ ಬಲಕ್ಕೆ ಕಾಣುತ್ತಾನೆ. ಅವನ ಮಾತೂ ಬಹಳಮಟ್ಟಿಗೆ ಹಾಗೆಯೇ.)

ತೊಂದರೆಯಿದ್ದದ್ದು ಆ ಗಾಜಿನಲ್ಲಿ. ನಡುವೆ ಮುಸ್ಸಂಜೆ, ಮೂಲೆಗಳಲ್ಲಿ ಅಮಾವಾಸ್ಯೆ. ನಕ್ಷೆಗಾರರು ತಲೆಯ ಮೇಲೆ ದಪ್ಪ ಕರಿ ಬಟ್ಟೆ ಹೊದ್ದು, ಅದರೊಳಗೆ ಬೆವೆತು, ಅತ್ತೆಯ ಮೂಗು ಯಾವುದು ಕುರ್ಚಿಯ ಕೈ ಯಾವುದು ಎಂದು ತಡಕಾಡುವಷ್ಟರಲ್ಲಿ ಹೊತ್ತು ಸರಿಯುತ್ತಿತ್ತು. ಹೊರಗಿನವರಿಗೆ ಆಗಾಗ ಕೇಳಿಸುತ್ತಿದ್ದದ್ದು "ಅಲುಗಾಡಬೇಡಿ" ಎಂಬ ಅಶರೀರವಾಣಿ ಮಾತ್ರ.

ಈ ವರ್ಷ ಅತ್ತೆಗೆ ಎಂಬತ್ತು ತುಂಬುತ್ತದೆ. ಈಗಲೂ ಹದಿನಾಲ್ಕು ನಿಮಿಷವಾದರೆ ಭಾಮೈದ ಜೇಬಿನಿಂದ ಫೋನ್ ತೆಗೆದು ಕ್ಷಣದಲ್ಲಿ ಕೆಲಸ ಮುಗಿಸುತ್ತಾನೆ, ಪದವಿ ಕೈತಪ್ಪುತ್ತದೆ. ನಕ್ಷೆಗಾರರು ಕ್ಯಾಮೆರಾಕ್ಕೆ ಬೆಳಕಿನ ಗಾಜು ಹಾಕಿಸಲು ಹೊರಟರು.

ಕೈಗಡಿಯಾರದ ಅಂಗಡಿಯ ಹಿಂದುಗಡೆ ಕೂರುವ ಕ್ಯಾಮೆರಾ ರಿಪೇರಿಯವರು ಮೂರು ಗಾಜುಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. "ಮನೇಲಿ ಹಾಕಿ ನೋಡಿ ಸಾರ್. ನಾಲ್ಕೇ ಸ್ಕ್ರೂ. ಒಂದು ಇಟ್ಕೊಂಡು ಎರಡು ವಾಪಸ್ ತನ್ನಿ."

ಪ್ರಯೋಗಕ್ಕೆ ಸಿಕ್ಕಿದವಳು ಹೆಂಡತಿ. ಅವಳು ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುತ್ತಿದ್ದಳು.

ಮೊದಲನೆಯದರಲ್ಲಿ ಚೌಕುಳಿ ಗೆರೆಗಳು. ನಕ್ಷೆಗಾರರಿಗೆ ಕಚೇರಿಯ ಮೇಜಿನ ಮುಂದೆ ಕೂತಷ್ಟು ಹಿತವಾಯಿತು. ಆದರೆ ಎರಡು ದಿನ ಅವರು ಫೋಟೋ ಮರೆತು ಮನೆಯ ಚೌಕಟ್ಟುಗಳಿಗೆ ತೂಕದ ದಾರ ಇಳಿಬಿಟ್ಟು ಅಳೆಯುತ್ತ ಓಡಾಡಿದರು.

"ಅಡುಗೆಮನೆ ಬಾಗಿಲು ಅರ್ಧ ಇಂಚು ವಾಲಿದೆ ಕಣೇ."

"ಇಷ್ಟು ವರ್ಷ ಅದರಲ್ಲೇ ಓಡಾಡಿದೀನಿ. ನಾನೂ ವಾಲಿದೀನಾ, ನೋಡಿ ಹೇಳಿ."

ನೋಡಲಿಲ್ಲ. ಇಪ್ಪತ್ತೆರಡು ವರ್ಷದ ದಾಂಪತ್ಯ ಅಷ್ಟು ಬುದ್ಧಿ ಕಲಿಸಿತ್ತು.

ಎರಡನೆಯದರ ನಡುವೆ ಒಂದು ಸಣ್ಣ ವೃತ್ತ. ಅದರೊಳಗೆ ಬಿದ್ದದ್ದು ಎರಡು ಹೋಳಾಗಿ ಕಾಣುತ್ತದೆ. ಹೋಳುಗಳು ಕೂಡಿಕೊಂಡರೆ ಫೋಕಸ್ ಸರಿಯೆಂದು ಅರ್ಥ.

"ಸ್ವಲ್ಪ ತಾಳು, ನಿನ್ನ ಮೂಗು ಎರಡಾಗಿದೆ. ಸೇರಿಸ್ತಿದೀನಿ."

"ಕೈಲಿ ಇಸ್ತ್ರಿ ಪೆಟ್ಟಿಗೆ ಇದೆ. ಯೋಚನೆ ಮಾಡಿ ಮಾತಾಡಿ."

ಮೂರನೆಯದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಂಗುರಗೆರೆಗಳು. ಹಾಕಿ ಇಣುಕಿದ ನಕ್ಷೆಗಾರರು ಬೆಚ್ಚಿದರು. ಮೂಲೆಯ ಜೇಡರಬಲೆಯಿಂದ ಹಿಡಿದು ಹೆಂಡತಿಯ ಹುಬ್ಬಿನ ಗಂಟಿನವರೆಗೆ ಎಲ್ಲ ಝಗಝಗ. ಕರಿ ಬಟ್ಟೆಯೇ ಬೇಡ. ಅವರು ಹನ್ನೊಂದು ಅಂಶಗಳ ಹೋಲಿಕೆ ಪಟ್ಟಿ ಬರೆದರು. ನಾಲ್ಕು ಸಲ ರಿಪೇರಿ ಅಂಗಡಿಗೆ ಹೋಗಿ ಬಂದರು.

"ಸಾರ್, ನೀವು ಆರಿಸ್ತಿರೋದು ಗಾಜು. ಸೊಸೆ ಅಲ್ಲ," ಎಂದರು ರಿಪೇರಿಯವರು. "ಮೂರನೇದು ಬೆಳಕೇನೋ ಕೊಡುತ್ತೆ. ಆದ್ರೆ ಫೋಕಸ್ ಸ್ವಲ್ಪ ಆಚೀಚೆ ಇದ್ರೂ ಎಲ್ಲ ಸರಿಯಾಗಿದೆ ಅಂತಾನೇ ತೋರಿಸುತ್ತೆ. ಹೊಗಳುಭಟ ಗಾಜು."

ಮನೆಯಲ್ಲಿ ಯಾರೂ ಹೊಗಳದ ನಕ್ಷೆಗಾರರು ಅದನ್ನೇ ಆರಿಸಿದರು.

ವಿಚಿತ್ರವೆಂದರೆ, ಹೆಂಡತಿಗೆ ಇದು ಹಿಡಿಸಲಿಲ್ಲ. "ಹಳೇ ಗಾಜಿಗೆ ಏನಾಗಿದೇರೀ? ಅಮ್ಮನ ಎಂಬತ್ತು ಮುಗೀಲಿ, ಆಮೇಲೆ ಹಾಕಿಸ್ಕೊಳ್ಳಿ."

ನಕ್ಷೆಗಾರರು ಕೇಳಲಿಲ್ಲ. ಹತ್ತು ದಿನ ನೀರಿನ ಹೂಜಿಯನ್ನು ಕುರ್ಚಿಯ ಮೇಲೆ ಕೂರಿಸಿ ಅಭ್ಯಾಸ ಮಾಡಿದರು.

ಆ ದಿನ ಬಂತು. ಭಾಮೈದನ ಔಷಧಿ ಅಂಗಡಿಯ ಹಿಂದಿನ ಅಂಗಳದಲ್ಲಿ ನಾಲ್ಕು ಕುರ್ಚಿಗಳು. ನಡುವೆ ಅತ್ತೆ. ನಕ್ಷೆಗಾರರು ಬಟ್ಟೆಯಿಲ್ಲದೆ ತಲೆ ಬಗ್ಗಿಸಿದರು, ಗುಂಡಿ ತಿರುಗಿಸಿದರು, ಒತ್ತಿದರು.

"ಆಯ್ತು."

ಯಾರೂ ಏಳಲಿಲ್ಲ.

"ಏನಾಯ್ತು?" ಎಂದ ಭಾಮೈದ.

"ಫೋಟೋ. ಆರು ಸೆಕೆಂಡು!"

"ಭಾವ, ಹುಷಾರಾಗಿದೀರಾ?"

"ಅಕ್ಕಾ, ನಾವಿನ್ನೂ ಶುರುನೇ ಮಾಡಿರ್ಲಿಲ್ವಲ್ಲೇ!" ಎಂದಳು ತಂಗಿ. ಅಕ್ಕ ಅವಳ ಕಾಲು ತುಳಿದಳು, ಆದರೆ ತಡವಾಗಿತ್ತು.

"ಏನನ್ನ ಶುರು ಮಾಡಿರ್ಲಿಲ್ಲ?"

ಹೆಂಡತಿ ನಿಟ್ಟುಸಿರು ಬಿಟ್ಟು ಹೇಳಿದಳು. "ನೋಡಿ, ನೀವು ಬಟ್ಟೆ ಹೊದ್ಕೊಂಡು ನಿಂತಾಗ ಯಾರೂ ಎದ್ದು ಹೋಗೋ ಹಾಗಿಲ್ಲ. ದನಿ ಏರಿಸೋ ಹಾಗಿಲ್ಲ, ಮುಖ ಸಿಂಡರಿಸೋ ಹಾಗಿಲ್ಲ. ನಗ್ತಾನೇ ಮಾತಾಡ್ಬೇಕು. ಅದಕ್ಕೇ ಮನೇಲಿ ಏನೇ ತಕರಾರು ಬಂದ್ರೂ ಫೋಟೋ ದಿನಕ್ಕೆ ಅಂತ ಎತ್ತಿಡ್ತೀವಿ."

"ಇಪ್ಪತ್ತೆರಡು ವರ್ಷದಿಂದ?"

"ಮೊದಲನೇ ಎರಡು ವರ್ಷ ಸುಮ್ನೇ ಕೂತಿದ್ವಿ," ಎಂದ ಭಾಮೈದ, ಲೆಕ್ಕ ತಪ್ಪಬಾರದೆಂದು.

"ನಮ್ಮ ಮಗಳು ಯಾವ ಕಾಲೇಜಿಗೆ ಅನ್ನೋದು?"

"ನಾಲ್ಕು ವರ್ಷದ ಹಿಂದೆ. ಒಂಬತ್ತನೇ ನಿಮಿಷ."

"ನನ್ನ ಮಗಳ ಕಾಲೇಜು, ನನ್ನೆದುರಿಗೇ!"

"ನೀವೂ ಏನೂ ಬೇಡ ಅನ್ಲಿಲ್ವಲ್ಲ," ಎಂದಳು ಹೆಂಡತಿ.

ನಕ್ಷೆಗಾರರ ಸ್ವಾಭಿಮಾನ ಕೆರಳಿತು. ಕ್ಯಾಮೆರಾವನ್ನು ಪಕ್ಕಕ್ಕಿಟ್ಟು, ಇವತ್ತಿನ ವಿಷಯ ಏನಿದ್ದರೂ ತಮ್ಮ ಮುಂದೆಯೇ ನಡೆಯಲಿ ಎಂದರು. ಮಕ್ಕಳು ಕುರ್ಚಿ ತಿರುಗಿಸಿ ಮುಖಾಮುಖಿ ಕೂತರು. ಜಗಳ ಹತ್ತಲು ಒಂದೂವರೆ ನಿಮಿಷ ಸಾಕಾಯಿತು.

"ನಿನ್ನ ಅಂಗಡಿ ಮೇಲಿನ ಮನೆ ಮೆಟ್ಲು ಅಮ್ಮಂಗೆ ಹತ್ತೋಕಾಗಲ್ಲ ಅಂತ ಗೊತ್ತಿದ್ದೂ ಸುಮ್ನಿದೀಯಲ್ಲೋ!" ಎಂದಳು ಹೆಂಡತಿ.

"ಓಹೋ, ಅಮ್ಮ ಹೆತ್ತಿದ್ದು ನನ್ನೊಬ್ನನ್ನೇನಾ?"

"ನಂದು ಒಂದೇ ರೂಮಿನ ಮನೆ. ಅಟ್ಟದ ಮೇಲೆ ಮಲಗಿಸ್ಲಾ?" ತಂಗಿ ಎದ್ದು ಚಪ್ಪಲಿ ಹುಡುಕತೊಡಗಿದಳು.

"ಎಲ್ಲಾ ಕೂತ್ಕೊಳ್ಳಿ," ಎಂದರು ಅತ್ತೆ. "ಅಳಿಯಂದ್ರೇ, ನೀವು ತಲೆ ಬಗ್ಗಿಸಿ."

ನಕ್ಷೆಗಾರರು ಮತ್ತೆ ಕ್ಯಾಮೆರಾ ಎತ್ತಿಕೊಂಡರು. ಯಾರೋ ಮೇಜಿನ ಹೊದಿಕೆ ತಂದು ಅವರ ಮೇಲೆ ಹಾಕಿದರು. ಕುರ್ಚಿಗಳು ಸಾಲಿಗೆ ಬಂದವು. ನಾಲ್ಕೂ ಮುಖಗಳ ಮೇಲೆ ನಗು ಕೂತಿತು. ತುಟಿ ಅಲ್ಲಾಡದೆ ಮಾತು ನಡೆಯಿತು. ಹೊದಿಕೆ ತೆಳುವು, ಪ್ರತಿಯೊಂದು ಮಾತೂ ಕೇಳಿಸುತ್ತಿತ್ತು.

"ನೆಲಮಟ್ಟದಲ್ಲಿ ಒಂದು ರೂಮಿದ್ರೆ ಸಾಕು."

"ಅಕ್ಕನ ಮನೇಲಿದೆ."

"ಅದರಲ್ಲಿ ಇವರು ಫಿಲ್ಮ್ ತೊಳೀತಾರೆ ಕಣೋ. ಬಾಟಲಿ, ತಟ್ಟೆ, ಕತ್ತಲೆ. ಅದು ಬಿಟ್ರೆ ಅವರಿಗೆ ಬೇರೆ ಪ್ರಪಂಚ ಇಲ್ಲ."

"ಹಾಗಾದ್ರೆ ಬೇಡ," ಎಂದರು ಅತ್ತೆ. "ನಾನು ಮೆಟ್ಲು ನಿಧಾನಕ್ಕೆ ಹತ್ಕೋತೀನಿ."

ನಕ್ಷೆಗಾರರು ಗಾಜು ನೋಡಿದರು. ಅತ್ತೆಯ ನಗು ಇದ್ದಲ್ಲೇ ಇತ್ತು. ಆದರೆ ಕೈಗಳೆರಡೂ ಮಂಡಿಗಳನ್ನು ಒತ್ತಿ ಹಿಡಿದಿದ್ದವು. ಬೆರಳ ಗಂಟುಗಳು ಬಿಳಿಚಿದ್ದವು. ಅಷ್ಟು ಬೆಳಕಿನಲ್ಲಿ ಕಾಣಲಿಲ್ಲವೆನ್ನಲು ಸಾಧ್ಯವಿರಲಿಲ್ಲ.

"ಆ ರೂಮಿನ ಕಿಟಕಿಗೆ ಹಲಗೆ ಬಡ್ದಿದೀನಿ," ಎಂದರು ಹೊದಿಕೆಯೊಳಗಿಂದ. "ನಾಳೆ ಕೀಳಿಸ್ತೀನಿ. ಅತ್ತೆಗೆ ಗಾಳಿ ಬೆಳಕು ಬೇಕು." ಆ ಕ್ಷಣದಲ್ಲೇ ಒತ್ತಿದರು.

ಹೊದಿಕೆ ಸರಿಸಿ ತಲೆ ಎತ್ತಿದರು. ತ್ಯಾಗಮೂರ್ತಿಗೆ ಸಲ್ಲಬೇಕಾದ ಜಯಕಾರಕ್ಕೆ ಕಾದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಉಳಿದ ಮೂವರು ಬಾಯಿ ತೆರೆದು ನಕ್ಷೆಗಾರರನ್ನೇ ನೋಡುತ್ತಿದ್ದರು.

"ಅಂದ್ರೆ ಒಳಗಿದ್ದೋರಿಗೆ ಕೇಳಿಸುತ್ತಾ?" ಎಂದಳು ಹೆಂಡತಿ.

"ಎಷ್ಟು ವರ್ಷದಿಂದ, ಭಾವ?" ತಂಗಿಯ ಮುಖ ಕೆಂಪಾಗಿತ್ತು. "ಆಚೆ ವರ್ಷ ನಿಮ್ಮ ಅಂಗಿ ಬಗ್ಗೆ ನಾನು ಅಂದಿದ್ದು..."

"ಇಲ್ಲಮ್ಮ, ಆಣೆಗೂ ಇಲ್ಲ. ಆ ಕರಿ ಬಟ್ಟೆ ದಪ್ಪ ಇತ್ತು. ಇವತ್ತೇ ಮೊದಲು."

ಯಾರೂ ನಂಬಲಿಲ್ಲ. ಇಪ್ಪತ್ತು ವರ್ಷ ಕದ್ದು ಕೇಳಿದ ಮನುಷ್ಯನ ಕೈಗೆ ಇನ್ನು ಕ್ಯಾಮೆರಾ ಕೊಡುವುದೇ ಎಂದು ಚರ್ಚೆಯಾಯಿತು. ಫೋನೇ ವಾಸಿ ಎಂದ ಭಾಮೈದ. ಅತ್ತೆ ಕೈಯೆತ್ತಿ ತೀರ್ಪು ಕೊಟ್ಟರು. "ಅವರೇ ತೆಗೀಲಿ. ಕಿವಿಗೆ ಹತ್ತಿ ಇಟ್ರಾಯ್ತು."

ಪದವಿ ಉಳಿಯಿತು. ಭಾಮೈದ ಅಂಗಡಿಗೆ ಹೋಗಿ ಹತ್ತಿಯ ಸುರುಳಿ ತಂದ. ಎರಡು ಉಂಡೆ ಮಾಡಿ ಭಾವನ ಕಿವಿಗಳಿಗೆ ತುರುಕಿದ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಬೆನ್ನ ಹಿಂದೆ ನಿಂತು, ಪಿಸುದನಿಯಲ್ಲಿ ಕೇಳಿದ:

"ಭಾವ, ಈಗ ಏನಾದ್ರೂ ಕೇಳಿಸ್ತಿದೆಯಾ?"

ನಕ್ಷೆಗಾರರು ಇಲ್ಲವೆಂದು ತಲೆಯಾಡಿಸಿದರು.